ಹಲ್ಲಿಗೊಂದು ಬಿಟ್ಟು

ಹೋದ ತಿಂಗಳು ಹಲ್ಲು ತೋರಿಸಲು ಹೋಗಿದ್ದೆ. ಡಾಕ್ಟರಮ್ಮ ಬಾಯಿ ತೆರೆಸಿ, ಕನ್ನಡಿಯ ಕಡ್ಡಿ ಆಡಿಸಿ, ದವಡೆ ಹಲ್ಲು ಹುಳುಕಾಗಿದೆ ಎಂದು ಹೇಳಿದ ಮೇಲೆ ಉಪದೇಶಕ್ಕೆ ಶುರುವಿಟ್ಟರು. ಜಾಹೀರಾತಿನಲ್ಲಿ ತೋರಿಸುವ ಹಾಗೆ ಬ್ರಶ್ಶಿನ ಉದ್ದಕ್ಕೂ ಪೇಸ್ಟು ಹಿಂಡಬಾರದಂತೆ, ಬಟಾಣಿ ಕಾಳಿನಷ್ಟು ಸಾಕಂತೆ. ಹಾಗಾದರೆ ಮಿಕ್ಕಿದ್ದನ್ನು ಏನು ಮಾಡುವುದು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಮಿಕ್ಕಿದ್ದನ್ನು ಏನೇನು ಮಾಡಬಹುದು ಎನ್ನುವುದನ್ನು ಚಿತ್ರದುರ್ಗದಲ್ಲಿ ಒಬ್ಬಳು ನನಗೆ ಸಾಂಗೋಪಾಂಗವಾಗಿ ಕಲಿಸಿದ್ದಳು. ಅವಳು ಈ ಬೇಸಿಗೆಯಲ್ಲಿ ಹೊಸದುರ್ಗದಲ್ಲಿ ತೀರಿಕೊಂಡಳು.

ಸುದ್ದಿ ಹೇಳಲು ಫೋನು ಮಾಡಿದ ಅವಳ ಗಂಡ, "ನಿಮ್ಮಕ್ಕ ಹೋದ್ಲು ಮೇಡಂ" ಎಂದಷ್ಟೇ ಅಂದರು. ನಾನು ಅವಳ ತಂಗಿಯಲ್ಲ, ಬಂಧುವೂ ಅಲ್ಲ. ಒಂದೇ ಗೋಡೆಯ ಆಚೆ ಈಚೆ ಕೆಲವು ವರ್ಷ ಇದ್ದೆವು, ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವರು ಹಾಗೆ ಹೇಳಿದ್ದು ನನಗೆ ಸರಿಯೆಂದೇ ಅನಿಸಿತು. ಫೋನಿಟ್ಟು ಸ್ವಲ್ಪ ಹೊತ್ತು ಅತ್ತೆ.

ಆಗ ನಾನು ಚಿತ್ರದುರ್ಗದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ನಮ್ಮವರಿಗೆ ಹಿರಿಯೂರಿನಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆಗೆ ಬರುವುದು ದೀಪ ಹಚ್ಚಿದ ಮೇಲೆಯೇ. ಬಂಡೆಗಳಿಗೆ ಬೆನ್ನು ಕೊಟ್ಟ ಒಂದು ಸಾಲು ಬಾಡಿಗೆ ಮನೆಗಳಲ್ಲಿ ನಮ್ಮದೊಂದು, ಪಕ್ಕದ್ದು ಅವಳದು. ಸಾಲಿನವರೆಲ್ಲ ಅವಳನ್ನು ಪೇಸ್ಟಕ್ಕ ಎನ್ನುತ್ತಿದ್ದರು. ಎದುರಿಗೇ ಅಂದರೂ ಅವಳಿಗೆ ಬೇಜಾರಿರಲಿಲ್ಲ.

ಪೇಸ್ಟಕ್ಕ ಆದದ್ದಕ್ಕೆ ಕಾರಣ ಗಂಡನ ಕೆಲಸ. ಅವರು ಸೋಪು, ಪೇಸ್ಟು, ಬ್ಲೇಡು ಹಂಚುವ ಒಂದು ಏಜೆನ್ಸಿಯ ವ್ಯಾನು ಓಡಿಸುತ್ತಿದ್ದರು. ಒಂದು ದಿನ ಹಿರಿಯೂರು ಲೈನು, ಒಂದು ದಿನ ಹೊಸದುರ್ಗ, ಒಂದು ದಿನ ಹೊಳಲ್ಕೆರೆ, ಮಿಕ್ಕ ದಿನ ದುರ್ಗದ ಅಂಗಡಿಗಳು. ಜಜ್ಜಿದ ಡಬ್ಬ, ಮೂಲೆ ಮುರಿದ ಟ್ಯೂಬು, ಹೆಸರು ಅಳಿಸಿದ್ದು ಇಂಥದ್ದನ್ನು ಅಂಗಡಿಯವರು ಇಳಿಸಿಕೊಳ್ಳುವುದಿಲ್ಲ. ಏಜೆನ್ಸಿಯವರು ಅದನ್ನು ವಾಪಸು ಲೆಕ್ಕಕ್ಕೆ ಹಾಕುವ ಗೋಜಿಗೆ ಹೋಗದೆ ಡ್ರೈವರಿಗೆ ಕೊಟ್ಟುಬಿಡುತ್ತಿದ್ದರು. ಸೋಪು ನೆಂಟರಿಗೆ ಹೋಯಿತು, ಬ್ಲೇಡು ಯಾರಿಗೋ ಹೋಯಿತು, ಪೇಸ್ಟು ಮಾತ್ರ ಅಕ್ಕನ ಮಂಚದ ಕೆಳಗಿನ ಟ್ರಂಕಿಗೆ ಬಂತು. ಬೇರೆಯವರ ಮನೆಯಲ್ಲಿ ರಾಗಿ ಇರುವ ಹಾಗೆ ಅವಳ ಮನೆಯಲ್ಲಿ ಪೇಸ್ಟು ಇರುತ್ತಿತ್ತು.

ಇಷ್ಟಿದ್ದೂ ಅವಳು ಹಲ್ಲಿಗೆ ಪೇಸ್ಟು ಮುಟ್ಟಿಸಿದವಳಲ್ಲ. ಮಾಡದಕೆರೆ ಕಡೆಯ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳು. ಬೆಳಿಗ್ಗೆ ಬೇವಿನ ಕಡ್ಡಿ ಕಚ್ಚಿಕೊಂಡು ಅಂಗಳದಲ್ಲಿ ನಿಂತರೆ ಸಾಲಿನ ಸುದ್ದಿಯೆಲ್ಲ ಮುಗಿದ ಮೇಲೆಯೇ ಬಾಯಿ ಮುಕ್ಕಳಿಸುತ್ತಿದ್ದಳು. ನಾನು ಬ್ರಶ್ಶು ಹಿಡಿದು ಬಂದರೆ ಅವಳಿಗೆ ನಗು. "ಅದು ಪಾತ್ರೆ ಉಜ್ಜೋದಲ್ಲೇನ್ರಿ ಮೇಡಂ, ಬಾಯಿಗ್ಯಾಕೆ ಹಾಕ್ಕಂತೀರಿ?" ಎನ್ನುತ್ತಿದ್ದಳು. ಕೊನೆಯವರೆಗೂ ಅವಳ ಹಲ್ಲು ಒಂದೂ ಅಲುಗಲಿಲ್ಲ, ಸುಟ್ಟ ಜೋಳದ ತೆನೆ ಕಟಕಟ ಕಡಿಯುತ್ತಿದ್ದಳು. ನನ್ನ ಹಲ್ಲುಗಳು ಈಗ ಡಾಕ್ಟರಮ್ಮನ ಸುಪರ್ದಿಯಲ್ಲಿವೆ.

ನಮ್ಮ ಪರಿಚಯವಾದದ್ದು ಇಸ್ತ್ರಿ ಪೆಟ್ಟಿಗೆಯಿಂದ. ಆ ಮನೆಗೆ ಬಂದ ಹೊಸತು. ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿ ನೈಲಾನ್ ಸೀರೆಯ ಮೇಲೆ ಇಸ್ತ್ರಿ ಇಟ್ಟು ಮರೆತೆ. ಸೀರೆ ತೂತಾಯಿತು, ಪೆಟ್ಟಿಗೆಯ ತಳಕ್ಕೆ ಕಪ್ಪಗೆ ಕರಕಲು ಹತ್ತಿತು. ನಾನು ನನ್ನನ್ನೇ ಬೈದುಕೊಳ್ಳುತ್ತಿದ್ದದ್ದು ಗೋಡೆಯಾಚೆಗೆ ಕೇಳಿರಬೇಕು. ಪರಿಚಯವಿಲ್ಲ, ಏನಿಲ್ಲ, ಸೀದಾ ಒಳಗೆ ಬಂದು ಪೆಟ್ಟಿಗೆ ಎತ್ತಿಕೊಂಡಳು. ಪ್ಲಗ್ಗು ಕಿತ್ತು, ಅದು ಆರುವವರೆಗೂ ನನ್ನ ಊರು ಕೇರಿ ವಿಚಾರಿಸಿದಳು. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಟ್ಯೂಬು ತೆಗೆದು ತಳಕ್ಕೆ ಪೇಸ್ಟು ಬಳಿದು ಹಳೇ ಬನಿಯನ್ ಚೂರಿನಿಂದ ಉಜ್ಜಿದಳು. ಕರಕಲು ಬಟ್ಟೆಗೆ ಬಂತು, ತಳ ಬೆಳ್ಳಗಾಯಿತು. ಸೀರೆಯ ತೂತಿಗೆ ಮಾತ್ರ ತನ್ನಲ್ಲಿ ಔಷಧಿಯಿಲ್ಲ ಎಂದು ಹೇಳಿ ಹೋದಳು.

ಉಜ್ಜುವುದರಲ್ಲಿ ಅವಳದೊಂದು ಕ್ರಮ. ಟ್ಯೂಬನ್ನು ಯಾವತ್ತೂ ನಡುವೆ ಹಿಸುಕುತ್ತಿರಲಿಲ್ಲ, ಬಾಲದಿಂದ ಸುತ್ತುತ್ತ ಬರುತ್ತಿದ್ದಳು. ಮುಗಿದ ಮೇಲೆ ಕತ್ತರಿಯಿಂದ ಸೀಳಿ ಒಳಗಿನದನ್ನೂ ಬಳಿಯುತ್ತಿದ್ದಳು, ಟ್ರಂಕಿನ ತುಂಬ ಇದ್ದರೂ. ಕುಂಕುಮ ತೆಗೆದುಕೊಳ್ಳುವ ಹಾಗೆ ಉಂಗುರದ ಬೆರಳಿನಲ್ಲಿ ಒಂದು ಬೊಟ್ಟು ತೆಗೆದು, ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ, ಬಟ್ಟೆಗೆ ಕಪ್ಪು ಬಂತೋ ಇಲ್ಲವೋ ನೋಡುವಳು. ಕಪ್ಪು ಬಂತೆಂದರೆ ಮುಖ ಅರಳುತ್ತಿತ್ತು. "ಕೊಳೆ ಬಿಡ್ತೈತೆ, ಬಿಡ್ತೈತೆ" ಎನ್ನುತ್ತ ಇನ್ನಷ್ಟು ಉಜ್ಜುವಳು. ಉಜ್ಜಿದ್ರೆ ಹೋಗ್ದಿರೋದು ಹಣೆಬರ ಒಂದೇ ಎನ್ನುವುದು ಅವಳ ಮಾತು.

ಅವಳ ಮನೆಯ ಗೋಡೆಯ ಕಥೆಯನ್ನು ಸಾಲಿನವರು ಆಡಿಕೊಂಡು ನಗುತ್ತಿದ್ದರು. ನಮ್ಮ ಮಾಲೀಕರು ಹಿರೇಗುಂಟನೂರಿನ ರೈತರು. ಗೋಡೆಗೆ ಮೊಳೆ ಹೊಡೆದರೆ ತಮಗೇ ಹೊಡೆದಷ್ಟು ಸಂಕಟ ಅವರಿಗೆ. ಅಕ್ಕನ ಮನೆಯಲ್ಲೋ ಕ್ಯಾಲೆಂಡರು, ಕನ್ನಡಿ, ದೇವರ ಫೋಟೋ, ಎಲ್ಲ ಮೊಳೆಯ ಮೇಲೆ. ಮಾಲೀಕರು ಬರುವ ಸುದ್ದಿ ಸಿಕ್ಕಿದ ಕೂಡಲೇ ಮೊಳೆ ಕಿತ್ತು, ತೂತಿಗೆ ಪೇಸ್ಟು ತುಂಬಿ, ಹಳೇ ಬಸ್ ಪಾಸಿನಿಂದ ನುಣ್ಣಗೆ ಸವರುವಳು. ಒಂದು ಸಲ ಅವರು ಹೇಳಿಕಳಿಸದೆ ಬಂದರು. ತುಂಬಿದ್ದು ಇನ್ನೂ ಹಸಿಯಿತ್ತು. ಗೋಡೆ ಚೆನ್ನಾಗಿದೆ ಎಂದು ಮೆಚ್ಚಿ ಚಾಪೆಯ ಮೇಲೆ ಕೂತು ಅದೇ ಗೋಡೆಗೆ ಒರಗಿ ಕಾಫಿ ಕುಡಿದರು. ಎದ್ದಾಗ ಅವರ ನೀಲಿ ಅಂಗಿಯ ಬೆನ್ನ ಮೇಲೆಲ್ಲ ಬಿಳಿ ಚುಕ್ಕೆ. ಬೆರಳಿಗೆ ತಾಗಿಸಿಕೊಂಡು ಮೂಸಿ ನೋಡಿ, "ಏನಮ್ಮ, ನಿಮ್ ಗೋಡೆ ಹಲ್ಲುಜ್ಜೈತಾ?" ಎಂದು ಕೇಳಿದರು. ಹುಳುಕು ಹಲ್ಲಿಗೆ ತುಂಬುವುದಿಲ್ಲವೇ, ಹಾಗೆಯೇ ಇದೂ ಎಂದು ಅಕ್ಕ ನಾಚಿಕೆಯಿಲ್ಲದೆ ಹೇಳಿದಳು. ಅವರು ನಕ್ಕು, ಇರುವ ತೂತಿಗೇ ಮೊಳೆ ಹೊಡೆದುಕೊಳ್ಳಲು ಅನುಮತಿ ಕೊಟ್ಟು ಹೋದರು.

ಎಲ್ಲವೂ ಗೆದ್ದದ್ದೇ ಅಲ್ಲ. ನಮ್ಮ ಸ್ಕೂಟರಿನ ಹಳದಿಗಟ್ಟಿದ ದೀಪದ ಗಾಜು, ಸಾಲಿನ ಮಕ್ಕಳ ಬಿಳಿ ಬೂಟು, ಸ್ಟೀಲು ನಲ್ಲಿ, ಇವೆಲ್ಲ ಗೆದ್ದಳು. ನನ್ನ ಮೊಬೈಲಿನ ಗೀರು ತೆಗೆಯಲು ಹೋಗಿ ಪೇಸ್ಟು ಅದರ ಕಿವಿಯ ತೂತಿಗೆ ಇಳಿದು, ನನಗೆ ಫೋನು ಮಾಡಿದವರೆಲ್ಲ ಬಹಳ ದಿನ ನೆಗಡಿಯಾದವರಂತೆ ಕೇಳಿಸಿದರು. ಒಗ್ಗರಣೆಯ ಎಣ್ಣೆ ಸಿಡಿದು ನನ್ನ ಮುಂಗೈ ಸುಟ್ಟಾಗ ನಾನು ಬೇಡ ಬೇಡ ಎನ್ನುತ್ತಿದ್ದರೂ ಪೇಸ್ಟು ಮೆತ್ತಿಬಿಟ್ಟಳು. ಮೊದಲು ತಣ್ಣಗೆನಿಸಿತು, ಆಮೇಲೆ ಉರಿ ಹೆಚ್ಚಿತು. ಆಸ್ಪತ್ರೆಯಲ್ಲಿ ನರ್ಸು ಒಣಗಿದ ಪೇಸ್ಟನ್ನು ತೊಳೆದು ತೆಗೆಯುವಾಗ ಸುಟ್ಟದ್ದಕ್ಕಿಂತ ಹೆಚ್ಚು ನೋವಾಯಿತು. ಡಾಕ್ಟರು ನನಗೆ ಬೈದರು, ನಾನು ಬಂದು ಅಕ್ಕನಿಗೆ ಬೈದೆ.

ಅವಳು ಸಮಜಾಯಿಷಿ ಹೇಳಲಿಲ್ಲ. ಅವತ್ತು ಸಂಜೆಯೇ ಸಾಲಿನ ಮನೆ ಮನೆಗೂ ಹೋಗಿ, ಸುಟ್ಟ ಗಾಯಕ್ಕೆ ಪೇಸ್ಟು ಹಚ್ಚಿ ಎಂದು ತಾನು ಹೇಳಿದ್ದು ತಪ್ಪು, ತಣ್ಣೀರು ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು ಎಂದು ಹೇಳಿ ಬಂದಳು. ಯಾರಿಗೆಲ್ಲ ಮೊದಲು ಹೇಳಿದ್ದಳೋ ಅವರಿಗೆಲ್ಲ ಹೇಳಿದಳು. ಸ್ಟಾಫ್ ರೂಮಿನಲ್ಲಿ ಒಂದು ಕಾಗುಣಿತದ ತಪ್ಪನ್ನು ಒಪ್ಪಿಕೊಳ್ಳಲು ವಾರಗಟ್ಟಲೆ ವಾದ ಮಾಡುವ ಜನರ ನಡುವೆ ಇದ್ದವಳು ನಾನು. ನನಗೆ ಅವಳ ಮೇಲೆ ಪ್ರೀತಿ ಹುಟ್ಟಿದ್ದು ಅವತ್ತು.

ನಮ್ಮ ಅತ್ತೆ ರಾಮಗಿರಿಯಿಂದ ನಮ್ಮೊಂದಿಗೆ ಇರಲು ಬಂದದ್ದು ಆಮೇಲೆ. ಕಟ್ಟುನಿಟ್ಟಿನ ಹೆಂಗಸು. ಎಂಟು ವರ್ಷಕ್ಕೆ ಲಿಂಗಧಾರಣೆಯಾದ ಮೇಲೆ ಒಂದು ದಿನವೂ ಲಿಂಗಪೂಜೆಯಿಲ್ಲದೆ ಬಾಯಿಗೆ ನೀರು ಹಾಕಿದವರಲ್ಲ. ಅಕ್ಕನ ಮನೆಯಲ್ಲಿ ಮಾಂಸದಡುಗೆಯಾಗುತ್ತದೆಂದು ಅಲ್ಲಿ ನೀರು ಕೂಡ ಮುಟ್ಟುತ್ತಿರಲಿಲ್ಲ. ಅಕ್ಕನಿಗೆ ಅದು ಮನಸ್ಸಿಗೆ ಹತ್ತಿದಂತಿರಲಿಲ್ಲ, ಅವರ ನೇಮ ಅವರಿಗೆ ಎಂದು ಬಿಟ್ಟಿದ್ದಳು. ಭಾನುವಾರ ಕುರಿಯೋ ಕೋಳಿಯೋ ಮಾಡಿದ ಮೇಲೆ ನಮ್ಮ ಮನೆಗೆ ಬರಬೇಕಾದರೆ ಕೈಗೆ ಪೇಸ್ಟು ಹಚ್ಚಿ, ಉಗುರಿನ ಸಂದಿಯನ್ನೂ ಬಿಡದೆ ಉಜ್ಜಿ ತೊಳೆದುಕೊಂಡೇ ಬರುತ್ತಿದ್ದಳು. ಬೆಳ್ಳುಳ್ಳಿ ವಾಸನೆ ಹೋಗುತ್ತಿತ್ತು, ನಿಜ. ಆದರೆ ಆ ಪುದೀನದ ಘಾಟಿನಿಂದಲೇ ಅತ್ತೆಗೆ ಗೊತ್ತಾಗುತ್ತಿತ್ತು. ಇವತ್ತು ವಾಸನೆ ಜೋರಾಗಿದೆ, ಏನು ಕುರಿಯೇ ಎಂದು ಅತ್ತೆ ಗಂಭೀರವಾಗಿ ವಿಚಾರಿಸುವರು. ಅವಳು ಹೊಸ್ತಿಲಿನಾಚೆ ಕೂತು ನಗುವಳು.

ಇವರಿಬ್ಬರನ್ನು ಹತ್ತಿರ ತಂದದ್ದು ಅತ್ತೆಯ ಕರಡಿಗೆ. ಲಿಂಗವಿಡುವ ಆ ಬೆಳ್ಳಿಯ ಭರಣಿ ತವರಿನಿಂದ ಬಂದದ್ದು, ಸಂದಿಗೊಂದಿಗಳಲ್ಲಿ ಕಪ್ಪುಗಟ್ಟಿತ್ತು. ಅಕ್ಕ ಅದನ್ನು ದೂರದಿಂದ ನೋಡಿಯೇ ಕೈ ತುರಿಸಿಕೊಂಡಿರಬೇಕು. ಒಂದು ಸೋಮವಾರ ತಲೆಗೆ ಸ್ನಾನ ಮಾಡಿ, ಟ್ಯೂಬು ಹಿಡಿದು ಬಂದು, ಕೊಡಿ ಅಜ್ಜಿ ಎಂದು ಕೇಳಿದಳು. ಅತ್ತೆ ಬಹಳ ಹೊತ್ತು ಯೋಚಿಸಿ, ಲಿಂಗವನ್ನು ವಸ್ತ್ರದ ಸಮೇತ ತಮ್ಮ ಮುಷ್ಟಿಯಲ್ಲಿ ಹಿಡಿದುಕೊಂಡು, ಬರಿಯ ಕರಡಿಗೆಯನ್ನು ಮಾತ್ರ ಕೊಟ್ಟರು. ಅದು ಬೆಳ್ಳಗೆ ಹೊಳೆಯುತ್ತ ವಾಪಸು ಬಂದಾಗ ಮದುವೆಯಲ್ಲಿ ನೋಡಿದ ಹಾಗೆ ಕಾಣುತ್ತದೆ ಎಂದರು. ಅಲ್ಲಿಂದ ಮುಂದೆ ತಿಂಗಳಿಗೊಂದು ಸೋಮವಾರ ಇದು ನಡೆದುಬಂತು. ಅತ್ತೆ ಮುಷ್ಟಿ ಬಿಗಿಹಿಡಿದು ಕೂರುವರು, ಅಕ್ಕ ಉಜ್ಜುವಳು, ಇಬ್ಬರೂ ಸೊಸೆಯಂದಿರನ್ನು ಆಡಿಕೊಳ್ಳುವರು. ಅವಳಿಗೆ ಸೊಸೆಯಿರಲಿಲ್ಲ, ಆದ್ದರಿಂದ ಆ ವಿಷಯಕ್ಕೆ ನಾನೊಬ್ಬಳೇ ಸಿಗುತ್ತಿದ್ದೆ.

ಅತ್ತೆಗೆ ಒಂದು ಕಣ್ಣಿನ ಪೊರೆ ತೆಗೆಸಿದ ಮೇಲೆ ಬಂದ ಸೋಮವಾರ. ಇನ್ನೊಂದು ಕಣ್ಣು ಮಂಜು, ಆಪರೇಷನ್ ಆದ ಕಣ್ಣಿಗೆ ಕಪ್ಪು ಕನ್ನಡಕ. ತಲೆಗೆ ನೀರು ಬೀಳದ ಹಾಗೆ ನಾನೇ ಸ್ನಾನ ಮಾಡಿಸಬೇಕಿತ್ತು. ಅಕ್ಕ ಬಂದು ಕೂತಿದ್ದಳು. ಮುಷ್ಟಿ ಹಿಡಿದು ಬಚ್ಚಲಿಗೆ ಇಳಿಯುವ ಹಾಗಿರಲಿಲ್ಲ, ಅತ್ತೆಯ ಒಂದು ಕೈಗೆ ಗೋಡೆ ಬೇಕು, ಇನ್ನೊಂದಕ್ಕೆ ನಾನು ಬೇಕು. ಕರಡಿಗೆಯನ್ನು ಅವಳಿಗೆ ಕೊಟ್ಟು, ಲಿಂಗವನ್ನು ಬೆಳ್ಳಿ ಬಟ್ಟಲಲ್ಲಿಟ್ಟು ನಡುಮನೆಯ ದೇವರ ಗೂಡಿನಲ್ಲಿ ತಾವೇ ಇಟ್ಟರು. ಹಲ್ಲಿನ ಸೆಟ್ಟು ತೆಗೆದಿಟ್ಟಿದ್ದ ಬಾಯಲ್ಲಿ ನಿಟ್ಟುಸಿರಿಟ್ಟು, ಅಕ್ಕನ ಕಡೆ ತಿರುಗಿ, "ಲಿಂಗದ ಕಂತಿನೂ ಹೋಗೈತೆ ಕಣೆ, ಯಾರಿಗೆ ಹೇಳಾಣ" ಅಂದರು.

ಕಂತಿ ಎಂದರೆ ಒಳಗಿನ ಕಲ್ಲಿನ ಲಿಂಗದ ಮೇಲೆ ಕಟ್ಟುವ ಕಪ್ಪು ಲೇಪ. ನಾವು ನೋಡುವ ಆ ದುಂಡನೆಯ, ಕಪ್ಪನೆಯ, ನುಣುಪಾದ ಆಕಾರವೇ ಅದು. ಹಳೆಯದಾದರೆ ಬಿರುಕು ಬಿಡುತ್ತದೆ, ಬಲ್ಲ ಅಯ್ಯನೋರು ಬಂದು ಹೊಸದಾಗಿ ಕಟ್ಟಬೇಕು. ಈ ಮಾತು ನಮ್ಮ ಲಿಂಗಾಯತರ ಮನೆಗಳಲ್ಲಿ ಬಿಟ್ಟರೆ ಬೇರೆ ಕಡೆ ಕೇಳುವುದಿಲ್ಲ. ಬೊಚ್ಚು ಬಾಯಿಂದ ಬಂದದ್ದನ್ನು ಅಕ್ಕ ಕಾಂತಿ ಎಂದು ಕೇಳಿಸಿಕೊಂಡಳು. ಲಿಂಗದ ಕಾಂತಿ ಹೋಗಿದೆ. ಪಾಪ, ಮುದುಕಿ ಅದಕ್ಕೇ ಕೊರಗುತ್ತಿದೆ. ಕಾಂತಿ ತರಿಸುವುದು ಅವಳಿಗೆ ಯಾವ ದೊಡ್ಡ ಕೆಲಸ?

ಅವಳು ಉಡಾಫೆಯಿಂದ ಮುಟ್ಟಿದವಳಲ್ಲ. ನಾವು ಬಚ್ಚಲಲ್ಲಿದ್ದಾಗ ಕೈಕಾಲು ತೊಳೆದುಕೊಂಡು ಬಂದಳಂತೆ. ದೇವರಿಗೆ ಜಜ್ಜಿದ ಟ್ಯೂಬು ಬೇಡವೆಂದು ಮನೆಗೆ ಹೋಗಿ ಹೊಸ ಟ್ಯೂಬು ತಂದು ಒಡೆದಳಂತೆ. ಉಂಗುರದ ಬೆರಳಲ್ಲಿ ಒಂದು ಬೊಟ್ಟು ಹಚ್ಚಿ ಉಜ್ಜಿದಳು, ಬಟ್ಟೆಗೆ ಕಪ್ಪು ಬಂತು. ಬೆಳ್ಳಿ ಉಜ್ಜಿದರೂ ಕಪ್ಪೇ ಬರುವುದು, ಇಸ್ತ್ರಿ ಪೆಟ್ಟಿಗೆ ಉಜ್ಜಿದರೂ ಕಪ್ಪೇ. ಕೊಳೆ ಬಿಡುತ್ತಿದೆ ಎಂದು ಖುಷಿಯಾಗಿ ಇನ್ನೂ ಉಜ್ಜಿದಳು. ಮೊದಲೇ ಬಿರುಕು ಬಿಟ್ಟಿದ್ದ ಕಂತಿಯ ಒಂದು ಚಕ್ಕೆ ಎದ್ದು ಬಟ್ಟೆಗೆ ಬಂತು, ಒಳಗಿನ ಬೂದುಗಲ್ಲು ಕಾಣಿಸಿತು. ಅಲ್ಲಿಗೆ ಅವಳ ಕೈ ನಿಂತಿತು.

ನಾನು ಅತ್ತೆಯನ್ನು ಮಣೆಯ ಮೇಲೆ ಕೂರಿಸಿ, ವಿಭೂತಿ ಹಚ್ಚಿ, ಬಟ್ಟಲನ್ನು ಮುಂದಿಟ್ಟೆ. ಅಕ್ಕ ಹೊಸ್ತಿಲ ಹತ್ತಿರ ನಿಂತಿದ್ದಳು. ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಅತ್ತೆ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡಾಗಿತ್ತು. ಬಲಗೈ ಬೆರಳುಗಳಿಂದ ಮುಟ್ಟಿದರು. ಇನ್ನೊಮ್ಮೆ ಮುಟ್ಟಿದರು.

"ಇದು ನಂದಲ್ಲ" ಅಂದರು.

ಆಗ ಅಕ್ಕ ಹೇಳಿದಳು. ಕಾಂತಿ ಹೋಗಿದೆ ಎಂದಿರಲ್ಲ, ಅದಕ್ಕೆ ಉಜ್ಜಿದೆ ಎಂದು ನಿಂತಲ್ಲೇ ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಿಡಲಿಲ್ಲ. ಕನ್ನಡ ಪಾಠ ಮಾಡುವವಳಾದ ನನಗೆ ಕಂತಿ ಕಾಂತಿ ಆದದ್ದು ಆ ಕ್ಷಣವೇ ಹೊಳೆಯಿತು. ಹೊಳೆದು ಏನು ಪ್ರಯೋಜನ?

ಅತ್ತೆ ಬೈಯಲಿಲ್ಲ. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಬಟ್ಟಲಿಗೆ ಇಟ್ಟು, ಅಯ್ಯನೋರು ಬಂದು ನೋಡುವವರೆಗೆ ಪೂಜೆಯಿಲ್ಲ ಎಂದರು. ಪೂಜೆಯಿಲ್ಲವೆಂದರೆ ಊಟವಿಲ್ಲ, ನೀರಿಲ್ಲ, ಮಾತ್ರೆಯಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಬರಿಹೊಟ್ಟೆಯಲ್ಲಿ ಇರಬಾರದೆಂದು ಕಣ್ಣಿನ ಡಾಕ್ಟರು ಒತ್ತಿ ಹೇಳಿದ್ದರು, ಹಿಂದೊಮ್ಮೆ ಊರಿನಲ್ಲಿ ಹೀಗೇ ಹಸಿದಿದ್ದು ಜ್ಞಾನ ತಪ್ಪಿ ಬಿದ್ದದ್ದನ್ನು ನಾನೇ ನೋಡಿದ್ದೆ. ಸ್ಕೂಲಿಗೆ ರಜೆ ಹೇಳಿದೆ. ಹಿರಿಯೂರಿಗೆ ಫೋನು ಮಾಡಿದರೆ ನಮ್ಮವರು ಆಸ್ಪತ್ರೆಗೆ ಕರೆದುಕೊಂಡು ಹೋಗು ಅಂದರು. ಅತ್ತೆ ಮಣೆ ಬಿಟ್ಟು ಏಳಲಿಲ್ಲ. ರಾಮಗಿರಿ ಹತ್ತಿರದ ಅಯ್ಯನೋರಿಗೆ ಫೋನು ಮಾಡಿದರೆ ರಿಂಗೇ ಆಗಲಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು, ಒಬ್ಬಳು ಕೇಳದೆ ಉಜ್ಜಿದ್ದಕ್ಕೆ, ಇನ್ನೊಬ್ಬರು ಕೇಳದೆ ಹಸಿದಿದ್ದಕ್ಕೆ.

ಅಕ್ಕ ಅಷ್ಟರಲ್ಲಿ ಗಂಡನಿಗೆ ಫೋನು ಹಚ್ಚಿದ್ದಳು. ಅವತ್ತು ಅವರದು ಹೊಳಲ್ಕೆರೆ ಲೈನು. "ಪೇಸ್ಟು ಆಮೇಲೆ ಇಳ್ಸು. ಮೊದ್ಲು ರಾಮಗಿರಿಗೆ ಹೋಗಿ ಐನೋರನ್ನ ಕೂರಿಸ್ಕಂಡು ಬಾ. ಮುದುಕಿ ಉಪಾಸ ಕುಂತೈತೆ" ಎಂದಳು. ಆಮೇಲೆ ನಮ್ಮ ಹೊಸ್ತಿಲಿನ ಆಚೆ ಬಂದು ನೆಲದ ಮೇಲೆ ಕೂತಳು.

ಮಧ್ಯಾಹ್ನವಾಯಿತು. ಅತ್ತೆಯ ಹಣೆಯಲ್ಲಿ ಬೆವರು ಕಾಣಿಸಿತು, ತುಟಿ ಒಣಗಿತು. ಸಕ್ಕರೆ ನೀರು ಕಲಸಿಕೊಂಡು ಬಂದು ಕೈಮುಗಿದೆ, ಗದರಿಸಿದೆ, ಅತ್ತೂ ನೋಡಿದೆ. ಲಿಂಗ ಕೈಯಲ್ಲಿಲ್ಲದೆ ನೀರು ಗಂಟಲಲ್ಲಿ ಇಳಿಯುವುದಿಲ್ಲ ಎಂದು ಹೇಳಿ ಲೋಟ ದೂರ ಸರಿಸಿದರು. ಅಕ್ಕನಿಗೆ ಮನೆಗೆ ಹೋಗಿ ಊಟ ಮಾಡಲು ಹೇಳಿದರೆ, ಅಜ್ಜಿ ಉಂಡ ಮೇಲೆ ಉಣ್ಣುತ್ತೇನೆ ಅಂದಳು. ಬಹಳ ಹೊತ್ತಾದ ಮೇಲೆ, "ಅಜ್ಜಿ, ನಂಗೆ ಬಯ್ರಿ" ಎಂದಳು.

"ಬಯ್ಯಾಕೆ ಬಾಯಿ ಒಣಗೈತೆ, ಸುಮ್ನೆ ಕುಂತ್ಕ" ಎಂದರು ಅತ್ತೆ.

ಬಿಸಿಲು ಇಳಿಯುವ ಹೊತ್ತಿಗೆ ವ್ಯಾನು ಬಂತು. ಮೈಮೇಲೆ ನಗುವ ಹಲ್ಲಿನ ಚಿತ್ರವಿದ್ದ ಆ ಗಾಡಿಯಿಂದ ಅಯ್ಯನೋರು ಕಾವಿ ಶಲ್ಯ ಸರಿಮಾಡಿಕೊಳ್ಳುತ್ತ ಇಳಿದರು. ಮುಂದಿನ ಸೀಟಿನಲ್ಲಿ ಡಬ್ಬಗಳಿದ್ದವೆಂದು ಅವುಗಳನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರಂತೆ. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಒಳಗೆ ಬಂದು ಕೈಕಾಲು ತೊಳೆದು, ವಸ್ತ್ರ ಬಿಚ್ಚಿ, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನಾವು ಮೂವರೂ ಅವರ ಮುಖವನ್ನೇ ನೋಡುತ್ತಿದ್ದೆವು.

ಒಳಗಿನ ಲಿಂಗಕ್ಕೆ ಏನೂ ಆಗಿಲ್ಲ, ಹೋಗಿರುವುದು ಕಂತಿ ಮಾತ್ರ ಎಂದರು. ಅದು ಇಂದಲ್ಲ ನಾಳೆ ಬೀಳುವುದೇ ಇತ್ತು. ಅಮಾವಾಸ್ಯೆ ಕಳೆದ ಮೇಲೆ ಬಂದು ಕಟ್ಟಿಕೊಡುತ್ತೇನೆ, ಅಲ್ಲಿಯವರೆಗೆ ಹೀಗೆಯೇ ಪೂಜೆ ಮಾಡಬಹುದು, ಕಂತಿಯಿಲ್ಲದಿದ್ದರೂ ಲಿಂಗ ಲಿಂಗವೇ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಆದರೆ ಅವರು ಅಷ್ಟಕ್ಕೆ ಬಿಡಲಿಲ್ಲ. ಮೂಸಿ ನೋಡಿ, ಇದನ್ನು ಉಜ್ಜಿದವರು ಯಾರು ಎಂದು ಕೇಳಿದರು.

ನಾನು ಹೊಸ್ತಿಲ ಕಡೆಗೆ ನೋಡದಿರಲು ಪ್ರಯತ್ನ ಪಟ್ಟೆ. ದೀಕ್ಷೆಯಿಲ್ಲದವರು ಮುಟ್ಟಿದ್ದಾರೆಂದರೆ ಏನು ಹೇಳುತ್ತಾರೋ, ಆಮೇಲೆ ಅತ್ತೆ ಅವಳನ್ನು ಈ ಮನೆಯ ಮೆಟ್ಟಿಲಿಗಾದರೂ ಸೇರಿಸುತ್ತಾರೋ ಇಲ್ಲವೋ ಎಂದು ಹೆದರಿಕೆಯಾಯಿತು. ಅಷ್ಟರಲ್ಲಿ ಅತ್ತೆ ಬಾಯಿ ಬಿಟ್ಟರು.

"ನಾನೇ ಉಜ್ಜಿದೆ. ಕಣ್ಣು ಕಾಣಂಗಿಲ್ಲ."

ಹಸಿದ ಬಾಯಲ್ಲಿ, ಅಯ್ಯನೋರ ಎದುರು, ಲಿಂಗದ ಎದುರು ನಮ್ಮ ಅತ್ತೆ ಸುಳ್ಳು ಹೇಳಿದರು. ನಾನು ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರ ಬಾಯಿಂದ ಕೇಳಿದ ಸುಳ್ಳು ಅದೊಂದೇ. ಅದು ದಕ್ಕಲಿಲ್ಲ.

"ಇಲ್ಲ ಐನೋರೆ, ನಾನೇ ಉಜ್ಜಿದ್ದು" ಎಂದು ಹೊಸ್ತಿಲಾಚೆಯಿಂದ ಅಕ್ಕ ಎದ್ದು ನಿಂತಳು. "ನಾವು ಕುರುಬ್ರು. ಗೊತ್ತಿಲ್ದೆ ಮುಟ್ಟಿದೆ."

ಅಯ್ಯನೋರು ಅವಳನ್ನು ನೋಡಿದರು, ಅತ್ತೆಯನ್ನು ನೋಡಿದರು. ಕೊಳೆಯ ಜೊತೆ ಕಂತಿಯೂ ಬಿಡುವ ಹಾಗೆ ಉಜ್ಜಿದ್ದಾರೆ, ಇಷ್ಟು ಉಜ್ಜಬೇಕಾದರೆ ಭಕ್ತಿಯಿಲ್ಲದೆ ಆಗುವುದಿಲ್ಲ ಎಂದು ಹೇಳಿ, ಪೂಜೆಗೆ ನೀರು ತರಲು ನನಗೆ ಹೇಳಿದರು. ಆಮೇಲೆ ಆ ಮಾತು ಎತ್ತಲಿಲ್ಲ. ಪೂಜೆಯಾಯಿತು. ಅತ್ತೆ ತೀರ್ಥ ತೆಗೆದುಕೊಂಡು, ಇನ್ನೂ ಗುಟುಕು ಇಳಿಯುತ್ತಿರುವಾಗಲೇ, ಅವಳಿಗೂ ಎಲೆ ಹಾಕು ಅಂದರು. ಅಕ್ಕ ಉಂಡಳು, ಆದರೆ ಒಳಗೆ ಕರೆದರೂ ಬಾರದೆ ಹೊರಗೇ ಕೂತು ಉಂಡಳು. ಎಲೆ ತಾನೇ ಎತ್ತಿ ಹಾಕಿ ಹೋದಳು.

ಅಲ್ಲಿಂದ ಅವಳು ನಮ್ಮ ಮನೆ ಕಡೆ ಬರುವುದನ್ನು ಬಿಟ್ಟಳು. ಅಯ್ಯನೋರು ಬಂದು ಹೊಸ ಕಂತಿ ಕಟ್ಟಿಕೊಟ್ಟು ಹೋದರು, ಅವತ್ತೂ ಬರಲಿಲ್ಲ. ಬಾಗಿಲಲ್ಲಿ ಸಿಕ್ಕರೆ ಮಾತಾಡುವಳು, ಅತ್ತೆಯ ಕಣ್ಣು ಹೇಗಿದೆ ಎಂದು ಕೇಳುವಳು, ಒಳಗೆ ಬಾ ಎಂದರೆ ಒಲೆ ಮೇಲೆ ಏನೋ ಇದೆ ಎನ್ನುವಳು. ಸಾಲಿನವರಿಗೆ ಮಾತ್ರ, ಎಂದಿನಂತೆ, ತಾನು ಮಾಡಿದ್ದನ್ನು ತಾನೇ ಹೇಳಿಕೊಂಡು ಬಂದಿದ್ದಳು. ಕರಡಿಗೆ ಮತ್ತೆ ಕಪ್ಪಾಗತೊಡಗಿತು. ನಾನು ಉಜ್ಜುತ್ತೇನೆಂದರೆ ಅತ್ತೆ ಕೊಡಲಿಲ್ಲ. ಗೋಡೆಯಾಚೆಯ ಸದ್ದು ಕೇಳುತ್ತ ಕೂರುವರು. ಎರಡನೆಯ ಕಣ್ಣಿನ ಆಪರೇಷನ್ನೂ ಆಯಿತು, ಕಪ್ಪು ಕನ್ನಡಕವೂ ಹೋಯಿತು.

ಒಂದು ಸೋಮವಾರ ಪೂಜೆ ಮುಗಿಸಿ, ಲಿಂಗ ಇನ್ನೂ ಅಂಗೈಯಲ್ಲಿರುವಾಗಲೇ, ಬಲಗೈ ಗೆಣ್ಣಿನಿಂದ ಅತ್ತೆ ಗೋಡೆಯನ್ನು ಕುಟ್ಟಿದರು. "ಬಾರೆ ಇಲ್ಲಿ. ಪೇಸ್ಟು ತಗಂಡು ಬಾ" ಎಂದು ಕೂಗಿದರು. ಅಕ್ಕ ಟ್ಯೂಬು ಹಿಡಿದು ಬಂದು ಹೊಸ್ತಿಲಾಚೆ ನಿಂತಳು. ಕೈ ತೊಳ್ಕೊಂಡು ಒಳಗೆ ಬಾ ಎಂದರು. ತೊಳೆದುಕೊಂಡಳು, ಬಂದಳು. ಎದುರಿಗೆ ಮಣೆ ಹಾಕಿಸಿದರು. ಅವಳು ಕರಡಿಗೆಗೆಂದು ಬಲಗೈ ಚಾಚಿದರೆ, ಅದಲ್ಲ, ಎಡಗೈ ಕೊಡು ಎಂದರು. ಅಂಗೈ ಬಿಡಿಸಿ, ಮೇಲೆ ಬಿಳಿಯ ವಸ್ತ್ರ ಹಾಸಿ, ತಮ್ಮ ಲಿಂಗವನ್ನು ತೆಗೆದು ಅದರಲ್ಲಿಟ್ಟರು. ನನಗಾದರೂ ಅವರು ಅದನ್ನು ಎಂದೂ ಹಿಡಿಯಲು ಕೊಟ್ಟಿರಲಿಲ್ಲ.

ಅಕ್ಕ ಅಲುಗಾಡದೆ ಕೂತಳು. ಮೂಗಿನ ಮೇಲೆ ಒಂದು ನೊಣ ಬಂದು ಕೂತರೂ ಓಡಿಸಲಿಲ್ಲ. ಅತ್ತೆ ಅವಳ ಟ್ಯೂಬಿನಿಂದ ಪೇಸ್ಟು ತೆಗೆದು, ಕರಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಉಜ್ಜತೊಡಗಿದರು. ಬೇಕೆಂತಲೇ ತಡ ಮಾಡುತ್ತಿದ್ದರು ಎಂದು ನನಗೆ ಇಂದಿಗೂ ಅನುಮಾನ.

"ಬೇಗ ಆಗ್ಲಿ ಅಜ್ಜಿ, ನನ್ ಕೈ ನಡುಗ್ತೈತೆ" ಎಂದಳು ಅಕ್ಕ.

ಅತ್ತೆ ತಲೆ ಎತ್ತಲಿಲ್ಲ. "ನಡುಗ್ಲಿ ಬಿಡು. ನಂದು ಇವತ್ತಿಗೂ ನಡುಗ್ತೈತೆ."